ಟೀಕಿನ ಬಾಗಿಲು

"ಗುರುಗಳೇ, ಎಲ್ಲ ಮಾತಿಗೂ ಒಂದು ಹುಟ್ಟೂರು ಇದ್ದೇ ಇರುತ್ತದೆಯೇ?" ಎಂದು ಶಿಷ್ಯ ಸಂಗಮೇಶ ಕೇಳಿದ. ಇಂಗ್ಲಿಷಿನ ಮ್ಯಾಂಗೋ ಮಲಯಾಳಿಗಳ ಮಾಂಗಾದಿಂದ ಹೋದದ್ದು ಎಂದು ತಿಳಿದಂದಿನಿಂದ ಅವನಿಗೆ ಅದೇ ಹುಚ್ಚು. ಸಿಕ್ಕ ಸಿಕ್ಕವರನ್ನು ಹಿಡಿದು ಪದಗಳ ಜಾತಕ ಹೇಳುತ್ತಿದ್ದ.

ಗುರುಗಳು ನಕ್ಕರು. "ಅಡುಗೆಯವನಿಗೆ ಸಾರು ಬಡಿಸಲೂ ಬಿಡುವುದಿಲ್ಲವಂತೆ ನೀನು! ಕೂತ್ಕೋ, ಒಂದು ಕತೆ ಕೇಳು."

ಒಬ್ಬ ಬೆಲ್ಲದ ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಟೀಕಿನ ಬಾಗಿಲೇ ಆಗಬೇಕೆಂದು ಊರಿನ ಬಡಿಗನಿಗೆ ಹೇಳಿದ. ಬಡಿಗ ಮನಸ್ಸಿಟ್ಟು ಮಾಡಿದ. ಬಾಗಿಲು ಕೂರಿಸುವ ದಿನ ನೆಂಟರೆಲ್ಲ ಸೇರಿದ್ದರು. ಯಾರೋ ಮರ ಯಾವುದೆಂದು ಕೇಳಿದರು. "ಒಳ್ಳೇ ತೇಗ" ಎಂದ ಬಡಿಗ.

ವ್ಯಾಪಾರಿ ಕೆಂಡವಾದ. "ತೇಗು ಊಟ ಆದಮೇಲೆ ಬರಲಿ, ನನ್ನ ಬಾಗಿಲಿಗೆ ಬೇಡ! ಟೀಕು ಕೇಳಿದರೆ ತೇಗ ತಂದು ಟೋಪಿ ಹಾಕ್ತೀಯೇನೋ, ಕಳ್ಳ!"

"ಎರಡೂ ಒಂದೇ ಯಜಮಾನ್ರೇ" ಎಂದ ಬಡಿಗ. ನೆಂಟರು ಅದನ್ನು ನಂಬದೆ ಅವನನ್ನೇ ನೋಡಿ ಗೊಳ್ಳೆಂದು ನಕ್ಕರು. ಅವನು ಉಳಿ, ಸುತ್ತಿಗೆ ಎತ್ತಿಕೊಂಡು ಹೋದ. ಆಮೇಲೆ ಆ ಊರಲ್ಲಿ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಕಳ್ಳ ಎಂಬ ಹೆಸರು ಅಂಟಿಕೊಂಡಿತು. ಪಾಪ, ಅವನ ತಪ್ಪೇನಿತ್ತು ಹೇಳು?

ಒಮ್ಮೆ ವ್ಯಾಪಾರಿ ಮಂಗಳೂರಿಗೆ ಹೋದಾಗ ಮರದ ಮಂಡಿಯವನೊಬ್ಬ ಅವನಿಗೆ ಬಿಡಿಸಿ ಹೇಳಿದ. ನಮ್ಮ ತೇಗ, ಮಲಯಾಳಿಗಳ ತೇಕ್ಕು ಅಕ್ಕತಂಗಿಯರು. ತೇಕ್ಕನ್ನು ಪೋರ್ಚುಗೀಸರು ತೇಕಾ ಅಂದರು. ಅವರಿಂದ ಇಂಗ್ಲಿಷರಿಗೆ ದಾಟಿ ಅದು ಟೀಕ್ ಆಯಿತು. ಅದನ್ನೇ ನಾವು ತಿರುಗಿ ತಂದುಕೊಂಡು ಪರದೇಶದ ಮಾಲು ಅಂದುಕೊಂಡೆವು.

ವ್ಯಾಪಾರಿಗೆ ಹಿಗ್ಗೋ ಹಿಗ್ಗು. ಊರಿಗೆ ಬಂದವನೇ ಬಡಿಗನ ಮನೆಗೆ ಓಡಿದ. "ಅಬ್ಬಬ್ಬಾ, ಆ ಮಾತು ಎಲ್ಲಿಂದ ಎಲ್ಲಿಗೆ ಹೋಗಿ ಬಂದಿದೆ ಗೊತ್ತಾ?" ಎಂದು ಹಡಗು, ಬಂದರು, ಎಲ್ಲವನ್ನೂ ಬಣ್ಣಿಸಿದ. ಕ್ಷಮಿಸು ಅನ್ನುವುದೊಂದು ಬಿಟ್ಟು ಎಲ್ಲ ಹೇಳಿದ.

ಬಡಿಗ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ: "ಸರಿ ಯಜಮಾನ್ರೇ. ಅಷ್ಟು ಜನರೆದುರು ನನ್ನನ್ನು ಕಳ್ಳ ಅಂದಿರಲ್ಲ, ಆ ಮಾತು ಎಲ್ಲಿಂದ ಬಂತು?"

ಗುರುಗಳು ಕತೆ ನಿಲ್ಲಿಸಿದರು.

ಸಂಗಮೇಶನಿಗೆ ತಡೆಯಲಾಗಲಿಲ್ಲ. "ಎಲ್ಲಿಂದ ಬಂತು, ಗುರುಗಳೇ?"

"ಅದಕ್ಕೆ ಹಡಗು ಬೇಕಾಗಲಿಲ್ಲ ಕಣಯ್ಯಾ, ನನಗೇ ಎಲ್ಲ ಗೊತ್ತು ಅನ್ನುವ ಜಂಬವೇ ಅದರ ಹುಟ್ಟೂರು. ಆ ಊರಿನ ದಾರಿ ನಿನಗೂ ಗೊತ್ತು."