ಕೈಯೆತ್ತದೆ ಕೂತ ರಾಣಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಾನು ಸುಳ್ಳು ಹೇಳೋದು ಕಲಿಯೋಕೆ ಮುಂಚೆ, ಆದ್ದರಿಂದ ಇದನ್ನ ನೀನು ನಂಬಲೇಬೇಕು, ಗಾಳಿಗುಡ್ಡ ಅಂತ ಒಂದು ರಾಜ್ಯ ಇತ್ತಂತೆ. ಚಳಿಗಾಲ ಬಂತು ಅಂದ್ರೆ ಅಲ್ಲಿ ಎಂಥಾ ಒಣಗಾಳಿ ಬೀಸ್ತಿತ್ತು ಅಂದ್ರೆ, ಹೆಂಗಸರು ಸೀರೆ ಒಗೆದು ಹಿಂಡೋದರೊಳಗೆ ಅದು ಕೈಯಲ್ಲೇ ಒಣಗಿ, ತಾನೇ ಮಡಚ್ಕೊಂಡು ಪೆಟ್ಟಿಗೆಗೆ ಹೋಗಿ ಮಲಗ್ತಿತ್ತಂತೆ. ನಗಬೇಡ ಪುಟ್ಟಿ, ನಮ್ಮತ್ತೆ ಕಣ್ಣಾರೆ ನೋಡಿದ್ದು.

ಆ ರಾಜ್ಯಕ್ಕೆ ನಿಂಗಾಜಮ್ಮಣ್ಣಿ ಅಂತ ಚಿಕ್ಕ ವಯಸ್ಸಿನ ರಾಣಿ. ಅಪ್ಪ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವಳು. ಬುದ್ಧಿವಂತೆ, ಆದ್ರೆ ಚಳಿಗಾಲದಲ್ಲಿ ಅವಳ ಮೈ ಬತ್ತಿದ ಕೆರೆ ಅಂಗಳದ ಹಾಗೆ ಬಿರುಕು ಬಿಡ್ತಿತ್ತಂತೆ, ಉಗುರು ತಾಗಿದ್ರೆ ಬಿಳೀ ಗೆರೆ ಏಳೋದು, ಒಂದೇ ಸಮ ತುರಿಕೆ. ತುರಿಕೆ ಆದ್ರೇನು, ಕೆರಕೊಂಡ್ರಾಯ್ತು ಅಂತೀಯಾ? ಅಲ್ಲೇ ಇರೋದು ಕಷ್ಟ. ಆ ಊರ ಕಟ್ಟಳೆ ಏನಪ್ಪಾ ಅಂದ್ರೆ, ಓಲಗದಲ್ಲಿ, ಅಂದ್ರೆ ರಾಜಸಭೇಲಿ, ಒಬ್ಬರು ಇನ್ನೊಬ್ಬರ ಹತ್ರ ಏನಾದ್ರೂ ಕೇಳಿದಾಗ, ಕೊಡೋ ಮನಸ್ಸಿದ್ರೆ ಅವರು ಬಲಗೈ ಎತ್ತಬೇಕು, ಎತ್ತಿದ ತಕ್ಷಣ ಜಾಗಟೆಯವನು ಢಣ್ ಅಂತ ಬಾರಿಸ್ತಾನೆ, ಬಾರಿಸಿದ ಮೇಲೆ ರಾಣಿಯಾಗ್ಲಿ ಪ್ರಜೆಯಾಗ್ಲಿ ಇಲ್ಲ ಅನ್ನೋ ಹಾಗಿಲ್ಲ.

ರಾಣಿಗೊಬ್ಬ ಸೋದರಮಾವ, ಕೆಂಪರಾಜಯ್ಯ. ಮೀಸೆ ಮೊಣಕೈಯುದ್ದ, ಆಸೆ ಅದಕ್ಕಿಂತ ಉದ್ದ. ಒಂದಿನ ಓಲಗದಲ್ಲಿ ಈ ಮಾವ, ಅಮ್ಮಣ್ಣೀ, ಆ ಬೆಳ್ಳಿ ಪಲ್ಲಕ್ಕಿ ನನಗಿರಲಿ ಅನ್ನೋದಕ್ಕೂ, ರಾಣಿ ಭುಜ ಕೆರಕೊಳ್ಳೋಕೆ ಕೈ ಎತ್ತೋದಕ್ಕೂ ಸರಿಹೋಯ್ತಂತೆ. ಢಣ್. ಪಲ್ಲಕ್ಕಿ ಹೋಯ್ತು. ಮಾವನಿಗೆ ರುಚಿ ಹತ್ತಿಬಿಡ್ತು.

ಅರಮನೇಲಿ ಮೂರು ಜನ ಸೋದರತ್ತೆಯರಿದ್ರಂತೆ, ಅಪ್ಪನ ಅಕ್ಕತಂಗಿಯರು, ಒಬ್ಬರ ನೆರಳು ಕಂಡ್ರೆ ಇನ್ನೊಬ್ಬರಿಗಾಗದು. ಮೊದಲು ದೊಡ್ಡತ್ತೆ ಬಂದಳು. ಲೋಳೆಸರದ ತಿರುಳಿಗೆ ಜೇನು ಕಲಸಿ, ಇದು ನೀರನ್ನ ಎಳಕೊಂಡು ಬರುತ್ತೆ ಮಗಾ ಅಂತ ಮೈಗೆಲ್ಲ ಸವರಿದಳು. ಬೆಳಗ್ಗೆ ಹಿತವಾಗೇ ಇತ್ತು, ಆಮೇಲೆ ಸಿಂಹಾಸನದಲ್ಲಿ ಗಾಳಿಗೆ ಕೂತ್ರೆ, ಎಳಕೊಳ್ಳೋಕೆ ಆ ಒಣಗಾಳೀಲಿ ನೀರೆಲ್ಲಿದೆ, ಮೈಯೊಳಗಿದ್ದದ್ದನ್ನೇ ಮೇಲಕ್ಕೆಳೀತು, ಗಾಳಿ ಅದನ್ನೂ ಕುಡಿದುಬಿಡ್ತು, ಮೊದಲಿಗಿಂತ ಜಾಸ್ತಿ ತುರಿಕೆ. ಮಾವ ಮಾವಿನತೋಪು ಕೇಳಿದ, ಕೈ ಮೇಲೆ ಹೋಯ್ತು, ಢಣ್.

ಆಮೇಲೆ ನಡುವಿನತ್ತೆ ಬಂದಳು, ಆ ಅಂಟು ಹಚ್ಚಿದ್ರೆ ಇರುವೆ ಮುತ್ತುತ್ತೆ ಅಷ್ಟೇ, ಬಾ ಇಲ್ಲಿ ಅಂತ ಎಳ್ಳೆಣ್ಣೆ ತಿಕ್ಕಿದಳು. ಬಿರುಕಿಗೆಲ್ಲ ಎಣ್ಣೆ ಮೆತ್ತಿ ಮೈ ರೇಷ್ಮೆ ಥರ ನುಣುಪಾಯ್ತು. ಆದ್ರೆ ಒಳಗೆ ನೀರಿನ ಪಸೆಯೇ ಇಲ್ಲ, ನುಣುಪು ಕಟ್ಕೊಂಡು ಏನು ಮಾಡೋದು, ಹೊತ್ತೇರಿದ ಹಾಗೆ ಎಣ್ಣೇನೂ ಹೀರಿಹೋಗಿ ಮತ್ತೆ ಶುರುವಾಯ್ತು. ಮಾವ ಪಟ್ಟದಾನೆ ಕೇಳಿದ, ಢಣ್.

ಆಮೇಲೆ ಚಿಕ್ಕತ್ತೆ. ಅವಳು ಜೇನುಮೇಣ ಕರಗಿಸಿ, ತುಪ್ಪ ಬೆರೆಸಿ, ಗಾಳಿ ಇರಲಿ, ಗಾಳಿಯಪ್ಪ ಬಂದ್ರೂ ಒಳಗೆ ನುಗ್ಗಲ್ಲ ಅಂತ ದಪ್ಪಗೆ ಬಳಿದಳು. ನುಗ್ಗಲಿಲ್ಲ, ನಿಜ. ಆದ್ರೆ ದಾಸಿಯರು ಮೈಯನ್ನ ಗರಗರ ಒರೆಸಿ ಒಣಗಿಸಿದ ಮೇಲೆ ಬಳಿದದ್ದು, ಖಾಲಿ ಮಡಕೆಗೆ ಮುಚ್ಚಳ ಹಾಕಿದ ಹಾಗಾಯ್ತು. ಮಾವ ಊರ ಕೆರೇನೇ ಕೇಳಿದ, ಢಣ್.

ಅವತ್ತು ಮಾವ ಎಲ್ಲರೆದುರಿಗೇ ಮೀಸೆ ತಿರುವಿ, ಬರೋ ಓಲಗದಲ್ಲಿ ಸಿಂಹಾಸನ ಕೇಳ್ತೀನಿ ಅಂದುಬಿಟ್ಟನಂತೆ.

ಆ ಓಲಗದ ಬೆಳಗ್ಗೆ ರಾಣಿ ಬಚ್ಚಲಲ್ಲಿದ್ರೆ, ಹೊರಗೆ ಅತ್ತೆಯರ ಜಗಳ. ನಿನ್ನ ಲೋಳೆಯಿಂದ ತೋಪು ಹೋಯ್ತು ಅಂತ ಇವಳು, ನಿನ್ನ ಎಣ್ಣೇಲಿ ಆನೇನೇ ಜಾರಿಹೋಯ್ತಲ್ಲೇ ಅಂತ ಅವಳು, ನಿಮ್ಮಿಬ್ಬರ ಕೈಗುಣದಿಂದ ನನ್ನ ಮೇಣಕ್ಕೂ ಕೆಟ್ಟ ಹೆಸರು ಅಂತ ಇನ್ನೊಬ್ಬಳು. ರಾಣಿ ಅದನ್ನೆಲ್ಲ ಕೇಳಿಸ್ಕೊಳ್ತಾ ಕೇಳಿಸ್ಕೊಳ್ತಾ ಕೊಪ್ಪರಿಗೆಯ ಕುದಿನೀರು ಬೇಡ ಅಂತ ಬೆಚ್ಚಗಿನ ನೀರು ತರಿಸಿದಳು, ಸೀಗೆಪುಡಿ ಆಚೆಗಿಟ್ಟಳು, ಬೇಗ ಬೇಗ ಸ್ನಾನ ಮುಗಿಸಿ, ಒದ್ದೆ ಮೈಗೆ ತೆಳ್ಳಗಿನ ಬಟ್ಟೆ ಸುತ್ಕೊಂಡು, ನೀರು ತೊಟ್ಟಿಕ್ಕಿಸ್ತಾ ಬಾಗಿಲು ತೆಗೆದಳಂತೆ.

ಅತ್ತೆಯಮ್ಮಂದಿರಾ, ನೀವು ಮೂರೂ ಜನ ಹೇಳಿದ್ದು ಸರೀನೇ, ಬೇರೆ ಬೇರೆ ದಿನ ಹೇಳಿದ್ದೇ ತಪ್ಪು. ನೀರು ಹಿಡಿಯೋದು ಒಬ್ಬರದ್ದು, ಬಿರುಕು ಮೆತ್ತೋದು ಒಬ್ಬರದ್ದು, ಮುಚ್ಚಳ ಹಾಕೋದು ಒಬ್ಬರದ್ದು. ಮೈ ಇನ್ನೂ ಒದ್ದೆ ಇದೆ, ಒರೆಸಬೇಡಿ, ಬನ್ನಿ ಅಂದಳು. ಅನ್ನೋದೇ ತಡ, ನಾನು ಮೊದಲು ಅಂತ ಚಿಕ್ಕತ್ತೆ ಮೇಣದ ಬಟ್ಟಲು ಹಿಡ್ಕೊಂಡು ನುಗ್ಗಿದಳು. ಮುಚ್ಚಳ ಹಾಕಿ ಆಮೇಲೆ ನೀರು ಹೊಯ್ತೀರಾ ಚಿಕ್ಕತ್ತೆ ಅಂದಳು ರಾಣಿ. ಚಿಕ್ಕತ್ತೆ ಮೂತಿ ತಿರುವಿ ಹಿಂದೆ ಸರಿದಳು. ಮೊದಲು ಲೋಳೆಸರ ಜೇನು, ಅದರ ಮೇಲೆ ಎಳ್ಳೆಣ್ಣೆ, ಕೊನೆಗೆ ತೆಳ್ಳಗೆ ಮೇಣ ತುಪ್ಪ. ಮೂರು ಅತ್ತೆಯರು ಒಂದೇ ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲಂತೆ.

ಇತ್ತ ಕೆಂಪರಾಜಯ್ಯ, ಪಟ್ಟಕ್ಕೇರೋ ಮೈ ಥಳಥಳ ಹೊಳೀಬೇಕು ಅಂತ ಕೊತಕೊತ ಕುದಿಯೋ ನೀರು ಸುರ್ಕೊಂಡು, ಸೀಗೆಪುಡಿ ಹಾಕಿ ಚರ್ಮ ಕಿತ್ತುಬರೋ ಹಾಗೆ ಉಜ್ಕೊಂಡು, ಚುಚ್ಚೋ ಜರತಾರಿ ಅಂಗಿ ತೊಟ್ಟು ಬಂದನಂತೆ. ಬಂದವನೇ, ಸಿಂಹಾಸನ ನನಗಿರಲಿ ಅಮ್ಮಣ್ಣೀ ಅಂದ. ರಾಣಿ ಅಲುಗಲಿಲ್ಲ. ಬಿಸಿಲೇರಿ ಗಾಳಿ ಜೋರಾಗೋವರೆಗೆ ಮಾವ ತಾತ ಮುತ್ತಾತಂದಿರ ಕತೆಯೆಲ್ಲ ಎಳೆದು ಎಳೆದು ಹೇಳಿ ಎರಡನೇ ಸಲ ಕೇಳಿದ. ಅಲುಗಲಿಲ್ಲ. ರಾಣಿ ಭುಜದ ಮೇಲೆ ಒಂದು ನೊಣ ಕೂರೋಕೆ ಬಂತಂತೆ, ಆ ಹೊಳಪಿಗೆ ಕಾಲು ನಿಲ್ಲದೆ ಜಾರಿ ಮಂತ್ರಿ ಮಡಿಲಿಗೆ ಬಿತ್ತಂತೆ. ಮೂರನೇ ಸಲ ಕೇಳಿದ. ರಾಣಿ ಕೈ ಮಡಿಲಲ್ಲೇ ಇತ್ತು, ಮುಖದಲ್ಲಿ ಸಣ್ಣ ನಗೆ.

ಆಮೇಲೆ ರಾಣಿ ಬಾಯಿಬಿಟ್ಟಳು. ಈಗ ನಾನು ಕೇಳ್ತೀನಿ ಮಾವ. ಪಲ್ಲಕ್ಕಿ, ತೋಪು, ಆನೆ, ಕೆರೆ, ಎಲ್ಲ ವಾಪಸ್ ಕೊಡ್ತೀರಾ?

ಅಷ್ಟು ಹೊತ್ತೂ ಆ ಗಾಳೀಲಿ ನಿಂತು ನಿಂತು ಮಾವನ ಮೈ ಹಪ್ಪಳದ ಹಾಗೆ ಒಣಗಿತ್ತು. ಹಲ್ಲು ಕಚ್ಚಿದ, ಉಸಿರು ಹಿಡಿದ, ಮೀಸೆ ನಡುಗ್ತು, ಕೊನೆಗೆ ತಡೀಲಾರದೆ ಬಲಗೈ ಚಂಗನೆ ಹಾರಿ ಬೆನ್ನಿಗೆ ಹೋಯ್ತು. ಜಾಗಟೆಯವನು ಇದಕ್ಕೇ ಕಾದಿದ್ದವನ ಹಾಗೆ ಢಣ್ ಅಂತ ಬಾರಿಸಿದ ಏಟಿಗೆ ಜಾಗಟೆ ಇವತ್ತಿಗೂ ಸೊಟ್ಟಗಿದೆಯಂತೆ.

ಇದು ಕೈಯೆತ್ತಿದ್ದಲ್ಲ ಅಮ್ಮಣ್ಣೀ, ಕೆರಕೊಂಡದ್ದು ಅಂದ ಮಾವ.

ಗೊತ್ತು ಮಾವ, ನಾನೂ ಅಷ್ಟೇ ಮಾಡಿದ್ದು ಅಂದಳು ರಾಣಿ.

ಸಭೆಯೆಲ್ಲ ಹೋ ಅಂತ ಎದ್ದು ನಿಂತಿತಂತೆ. ಪಟ್ಟದಾನೆ ತಾನೇ ಸರಪಳಿ ಕಿತ್ಕೊಂಡು ಬಂತು, ಜನ ರಾಣೀನ ಅದರ ಮೇಲೆ ಕೂರಿಸಿ ಕೆರೆ ಏರಿ ಮೇಲೆ ಮೆರವಣಿಗೆ ಮಾಡಿದ್ರು, ಹಿಂದೆ ಬೆಳ್ಳಿ ಪಲ್ಲಕ್ಕೀಲಿ ಮೂರೂ ಅತ್ತೆಯರು, ನಡುವೆ ನಾನು ಕೂರ್ತೀನಿ ಅಂತ ದಾರಿಯುದ್ದಕ್ಕೂ ಜಗಳ. ಮಾವನಿಗೆ ಶಿಕ್ಷೆ ಬೇಡ ಅಂದ ರಾಣಿ ಒಂದು ಬಟ್ಟಲು ಮೇಣ ಕಳಿಸಿಕೊಟ್ಟಳು, ಸ್ನಾನ ಆದ ತಕ್ಷಣ ಒದ್ದೆ ಮೈಗೆ ಹಚ್ಕೊಳ್ಳಿ ಅಂತ. ಅವಳು ಸುಖವಾಗಿ, ತಣ್ಣಗೆ, ಮೆತ್ತಗೆ ಬಹಳ ಕಾಲ ಆಳಿದಳು, ಅಲ್ಲಿಗೆ ಕತೆ ಮುಗೀತು. ನಂಬಿಕೆ ಬರದಿದ್ರೆ ಆ ಆನೇನೇ ಕೇಳು, ಈಗ ಮಗ್ಗುಲಾಗಿ ಮಲಕ್ಕೋ.