ಒಂದು ವೀಳ್ಯದೆಲೆಯ ಪ್ಲೇಟು

ಕಂದಿಹಾಳದ ದೊರೆ ಮುದ್ದುವೀರ ನಾಯಕರಿಗೆ ಸಂಗೀತವೆಂದರೆ ಪ್ರಾಣ. ಎಷ್ಟು ಪ್ರಾಣವೆಂದರೆ, ಅರಮನೆಯ ಬೀರುಗಳಲ್ಲಿದ್ದ ನಾಲ್ಕು ಸಾವಿರ ಗ್ರಾಮಫೋನ್ ಪ್ಲೇಟುಗಳಲ್ಲಿ, ಬೀರು ಸೇರಿದ ಮೇಲೆ, ಒಂದನ್ನೂ ಅವರು ಹಾಕಿ ಕೇಳಿರಲಿಲ್ಲ.

“ಮುಳ್ಳು ತಾಗಿದ ಪ್ಲೇಟು ಎಂಜಲು. ಕೇಳಿದರೆ ಬೆಲೆ ಹೋಗುತ್ತದೆ” ಎನ್ನುತ್ತಿದ್ದರು.

ಬೀರುವಿನ ಮೊದಲನೆಯ ಖಾನೆಯಲ್ಲಿ, ರೇಷ್ಮೆ ಚೀಲದೊಳಗೆ, ಒಂದೇ ಒಂದು ಪ್ಲೇಟಿತ್ತು. ಅದು ದೊರೆಯೇ ನುಡಿಸಿದ ಪಿಟೀಲು. ಅದಕ್ಕೆ ಅವರೇ ಒಂದು ಹಳ್ಳಿಯಷ್ಟು ಬೆಲೆ ಕಟ್ಟಿದ್ದರು. ಅದನ್ನೂ ಕೇಳಿರಲಿಲ್ಲ.

ಊರವರ ಪ್ಲೇಟುಗಳ ಮಾತು ಬೇರೆ. ಅವು ಹೇಗೂ ಎಂಜಲು. ಸೋಮವಾರದ ದರ್ಬಾರಿನಲ್ಲಿ ದೊರೆ ಅವನ್ನು ಹಾಕಿಸಿ, ಕಣ್ಣು ಮುಚ್ಚಿ ಕೇಳಿ, ಬೆಲೆ ಹೇಳುತ್ತಿದ್ದರು. ದೊರೆ ಕಟ್ಟಿದ ಬೆಲೆಯನ್ನು ಯಾರೂ ಹಿಂದೆಗೆಯುವಂತಿಲ್ಲ, ದೊರೆಯೂ ಸಹ. ಹೇಳಿದ್ದನ್ನು ಕೈಗಿಟ್ಟು ಪ್ಲೇಟನ್ನು ಒಳಗೆ ಒಯ್ಯುವುದು ಅಲ್ಲಿನ ಪದ್ಧತಿ. ದರ್ಬಾರಿನಲ್ಲಿ ಕೊಬ್ಬರಿ ಚೂರಿನ ಬೆಲೆಗೆ ಇಳಿದ ಪ್ಲೇಟು ಅರಮನೆಯ ಹೊಸ್ತಿಲು ದಾಟಿದೊಡನೆ ಅಪರೂಪದ್ದಾಗುತ್ತಿತ್ತು. ಹೊಸ್ತಿಲಿನ ಮಹಿಮೆ.

ಒಂದು ಶನಿವಾರ ಸಂಗೀತ ಮೇಷ್ಟ್ರು ಗುರುಶಾಂತಯ್ಯನವರಿಗೆ ಅಪ್ಪಣೆ ಬಂತು: “ನಿಮ್ಮ ಹೆಂಡತಿಯ ಪ್ಲೇಟನ್ನು ಸೋಮವಾರ ತರತಕ್ಕದ್ದು.”

ಮೇಷ್ಟ್ರ ಹೆಂಡತಿ ನೀಲವ್ವ ಪಿಟೀಲು ನುಡಿಸುತ್ತಿದ್ದರು. ತೀರಿಕೊಂಡು ಎರಡು ವರ್ಷ. ಅವರದೆಂದು ಉಳಿದಿದ್ದು ಅದೊಂದೇ ಪ್ಲೇಟು. ನೆರೆಯ ಪಾಳೆಯಗಾರ ಅದಕ್ಕೆ ಒಂದು ಕುದುರೆ ಕೊಡುತ್ತೇನೆಂದು ದೊರೆಗೆ ಬರೆದಿದ್ದ.

ಮೇಷ್ಟ್ರು ಆಸ್ಥಾನದ ತಿಪ್ಪರಸನ ಮನೆಗೆ ಬಂದರು. ಪ್ಲೇಟಿನ ಬೀರುಗಳ ಕೀಲಿ ಅವನ ಸೊಂಟದಲ್ಲಿತ್ತು. ಧೂಳು ಒರೆಸುವುದು, ಬೀಗ ಹಾಕುವುದು, ದೊರೆ ಪಿಟೀಲು ನುಡಿಸುವಾಗ ತಲೆದೂಗುವುದು, ಇವು ಅವನ ಕೆಲಸ. ಮೊದಲಿನ ಎರಡು ಸುಲಭ.

“ತಿಪ್ಪರಸರೇ, ಅದರಲ್ಲಿ ಪಿಟೀಲು ಶುರುವಾಗುವುದಕ್ಕೆ ಮುಂಚೆ ಅವಳು ಒಮ್ಮೆ ಸಣ್ಣಗೆ ಕೆಮ್ಮುತ್ತಾಳೆ. ನಾನು ದಿನಾ ಹಾಕುವುದು ಅದಕ್ಕೇ” ಎಂದರು ಮೇಷ್ಟ್ರು. “ಕುದುರೆಗೆ ಬದಲಾಗಿ ಅದು ಹೋದರೆ…”

ತಿಪ್ಪರಸ ಸೊಂಟದ ಕೀಲಿಗೊಂಚಲನ್ನು ಬೆರಳಿನಲ್ಲಿ ತಿರುಗಿಸಿದ. ಆಮೇಲೆ ಕೇಳಿದ: “ಮೇಷ್ಟ್ರೇ, ಅದರ ಮೇಲಿನ ಹಳೇ ಕಾಗದದ ಚೀಲ ಇದೆಯೇ?”

“ಇದೆ. ಅಂಚು ಹರಿದಿದೆ.”

“ಚೀಲ ನನಗೆ ಕೊಡಿ. ಪ್ಲೇಟು ನಿಮ್ಮ ಮಡಿಲಲ್ಲೇ ಇರಲಿ. ಸೋಮವಾರ ದೊರೆ ಕೇಳುವ ತನಕ ಬಾಯಿ ಬಿಡಬೇಡಿ.”

ಸೋಮವಾರ ದರ್ಬಾರು ತುಂಬಿತ್ತು. ತಿಪ್ಪರಸ ಹರಿದ ಚೀಲವನ್ನು ಎತ್ತಿ ತೋರಿಸಿದ.

ದೊರೆ ಭೂತಗನ್ನಡಿ ಹಿಡಿದು ನೋಡಿದರು. “ಅಂಚು ಹರಿದಿದೆ. ಎಣ್ಣೆಯ ಕಲೆ. ಅರ್ಧ ಬೆಲೆ ಇಲ್ಲೇ ಹೋಯಿತು. ಹಾಕು, ಉಳಿದರ್ಧ ನೋಡೋಣ.”

ತಿಪ್ಪರಸ ಚೀಲದಿಂದ ಪ್ಲೇಟು ತೆಗೆದು ಯಂತ್ರಕ್ಕೆ ಹಾಕಿ, ಹಿಡಿಕೆ ತಿರುಗಿಸಿ, ಮುಳ್ಳಿಟ್ಟ.

ಪಿಟೀಲು ಎದ್ದಿತು. ಎದ್ದು, ಶ್ರುತಿಯನ್ನು ಹುಡುಕಿಕೊಂಡು ಹೊರಟಿತು. ಸಿಗಲಿಲ್ಲ.

ಆಸ್ಥಾನದವರು ಒಬ್ಬರ ಮುಖ ಒಬ್ಬರು ನೋಡಿದರು. ದಿನಾ ಸಂಜೆ ತಲೆದೂಗಿ ಕತ್ತು ನೋಯಿಸಿಕೊಂಡವರಿಗೆ ಆ ಪಿಟೀಲಿನ ಗುರುತು ಸಿಗದಿರುತ್ತದೆಯೇ? ಎಲ್ಲರೂ ತಲೆ ತಗ್ಗಿಸಿದರು. ದೊರೆಗೆ ಮಾತ್ರ ಗುರುತು ಸಿಗಲಿಲ್ಲ. ನುಡಿಸುವಾಗ ಗದ್ದದ ಕೆಳಗೇ ಇರುತ್ತಿದ್ದ ಪಿಟೀಲು ಎದುರಿಗೆ ಕೂತವರಿಗೆ ಹೇಗೆ ಕೇಳಿಸುತ್ತದೆಂದು ಪಾಪ, ಅವರಿಗೆ ಯಾರು ಹೇಳಬೇಕು?

“ನಿಲ್ಲಿಸು!” ದೊರೆ ಕಿವಿ ಮುಚ್ಚಿಕೊಂಡರು. “ಇದು ಪಿಟೀಲೋ, ಬೆಕ್ಕಿನ ಬಾಲ ತುಳಿದದ್ದೋ? ನೋಡಿ, ಆಸ್ಥಾನದವರೆಲ್ಲ ನಾಚಿಕೆಯಿಂದ ತಲೆ ತಗ್ಗಿಸಿದ್ದಾರೆ.”

“ಅದು ನಿಜ, ಮಹಾಸ್ವಾಮಿ” ಎಂದ ತಿಪ್ಪರಸ.

“ಒಂದು ವೀಳ್ಯದೆಲೆ! ನಮ್ಮ ಕಿವಿ ಕಟ್ಟಿದ ಬೆಲೆ. ಈ ಕಿವಿ ಇದುವರೆಗೆ ತಪ್ಪಿದ್ದಿಲ್ಲ. ಎಲೆ ಕೊಟ್ಟು ಪ್ಲೇಟನ್ನು ಒಳಗಿಡು.”

“ಅಪ್ಪಣೆ. ಎಲ್ಲಿಡಲಿ?”

“ಎಲ್ಲಾದರೂ ಮೂಲೆಯಲ್ಲಿ.”

“ಇದರ ರೇಷ್ಮೆ ಚೀಲ ಮೊದಲನೆಯ ಖಾನೆಯಲ್ಲೇ ಉಳಿದಿದೆ, ಮಹಾಸ್ವಾಮಿ. ಬೆಳಿಗ್ಗೆ ಧೂಳು ಒರೆಸುವಾಗ ಚೀಲ ಅದಲುಬದಲಾಗಿರಬೇಕು.” ತಿಪ್ಪರಸ ಪ್ಲೇಟಿನ ನಡುವಿನ ಕಾಗದವನ್ನು ತೋರಿಸಿದ. ಅದರ ಮೇಲೆ ದೊರೆಯ ಹೆಸರು, ಪಕ್ಕದಲ್ಲಿ ದೊರೆಯ ಮೀಸೆಯ ಚಿತ್ರ.

ದೊರೆ ಭೂತಗನ್ನಡಿ ಹಿಡಿದು ಚಿತ್ರದ ಮೀಸೆಯನ್ನು ನೋಡಿದರು.

“ಎಲಾ ತಿಪ್ಪರಸ! ನಮ್ಮ ಪ್ಲೇಟನ್ನು ಎಂಜಲು ಮಾಡಿದೆಯಾ? ನಿನ್ನ ತಲೆ…”

“ತಲೆ ತಮ್ಮದೇ, ಮಹಾಸ್ವಾಮಿ. ಊರಿಗೆ ಏನೆಂದು ಸಾರಲಿ ಅಷ್ಟು ಹೇಳಿಬಿಡಿ. ಕಿವಿ ತಪ್ಪಿಲ್ಲ ಎಂದರೆ ಪಿಟೀಲು ಒಂದೆಲೆಯದು. ಪಿಟೀಲು ಹಳ್ಳಿಯಷ್ಟು ಬೆಲೆಯದು ಎಂದರೆ, ಈ ಕಿವಿ ಇನ್ನು ಮೇಷ್ಟ್ರ ಪ್ಲೇಟಿಗೆ ಬೆಲೆ ಕಟ್ಟುವುದು ಹೇಗೆ?”

ದೊರೆ ಮೀಸೆ ತಿರುವಿದರು. ಬಿಟ್ಟರು. ಮತ್ತೆ ತಿರುವಿದರು.

“ಮೇಷ್ಟ್ರ ಪ್ಲೇಟು ಎಲ್ಲಿದೆ?”

ಗುರುಶಾಂತಯ್ಯ ಎದ್ದು ನಿಂತು, ಪಂಚೆಯ ಮಡಿಕೆಯಿಂದ ಅದನ್ನು ತೆಗೆದರು.

“ಹಾಕು.”

ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ಪಿಟೀಲು. ಯಾರೂ ತಲೆ ತಗ್ಗಿಸಲಿಲ್ಲ. ತಲೆದೂಗುವುದೂ ಮರೆತುಹೋಗಿತ್ತು. ಮುಗಿದ ಮೇಲೂ ಮುಳ್ಳು ಸುತ್ತುತ್ತಲೇ ಇತ್ತು. ಎತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ದೊರೆ ಮೆಲ್ಲನೆ ಅಂದರು: “ಮೇಷ್ಟ್ರೇ, ಇದಕ್ಕೆ ನಾವು ಬೆಲೆ ಕಟ್ಟುವುದಿಲ್ಲ. ತೆಗೆದುಕೊಂಡು ಹೋಗಿ. ಕುದುರೆ ಆ ಪಾಳೆಯಗಾರನ ಹತ್ತಿರವೇ ಇರಲಿ.”

ಮೇಷ್ಟ್ರು ಕೈಮುಗಿದು, ಪ್ಲೇಟನ್ನು ಎದೆಗೊತ್ತಿಕೊಂಡು ಹೊರಟರು.

ದೊರೆ ತಮ್ಮ ಪ್ಲೇಟನ್ನು ಎತ್ತಿ ಹಿಂದೆ ಮುಂದೆ ನೋಡಿದರು. ಬೆಕ್ಕಿನ ಬಾಲ ನೆನಪಾಗಿ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

“ತಿಪ್ಪರಸ, ನಿನಗೆ ಇದೇ ಬಹುಮಾನ. ಮನೆಗೆ ಒಯ್ದು ದಿನಾ ಸಂಜೆ ಹಾಕಿಕೊಂಡು ಕೇಳು.”

ತಿಪ್ಪರಸ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

“ಬಹುಮಾನ ತಲೆಯ ಮೇಲೆ, ಮಹಾಸ್ವಾಮಿ. ಹಾಕುವುದು ಮಾತ್ರ ಬೇಡ. ಕೇಳಿದರೆ ಬೆಲೆ ಹೋಗುತ್ತದೆ ಅಂತ ತಾವು ಹೇಳುತ್ತಿದ್ದಾಗ ನಾನು ನಂಬಿರಲಿಲ್ಲ. ಈ ಒಂದು ಪ್ಲೇಟಿನ ಮಟ್ಟಿಗೆ ಅದು ನಿಜ.”