ಟವೆಲ್ ಕೆಳಗೆ ನಾಲ್ಕನೇ ಕ್ಲಾಸಿಗೆ ಇಳಿದ ಪುಟ

ನಂಬುವವರೆಲ್ಲ ಹಿಂದಕ್ಕೆ ಹೋಗಿ ಕೂತ್ಕೊಳ್ಳಿ. ನಂಬದವರು ಮುಂದೆ ಬನ್ನಿ, ನಿಮಗೇ ಹೇಳಬೇಕು. ಇದು ಸುಳ್ಳು ಅಂತ ತೋರಿಸಿದವರ ಮುಂದೆ ಮೀಸೆ ಬೋಳಿಸ್ಕೊಳ್ತೀನಿ. ಇವತ್ತಿನವರೆಗೂ ಮೀಸೆ ಇದ್ದಲ್ಲೇ ಇದೆ, ನೋಡ್ಕೊಳ್ಳಿ.

ಒಂದಾನೊಂದು ಊರಿನಲ್ಲಿ ಜವರಯ್ಯ ಅನ್ನೋ ದನದ ದಲ್ಲಾಳಿ ಇದ್ದ. ಅವನ ವ್ಯಾಪಾರವೆಲ್ಲ ಟವೆಲ್ ಕೆಳಗೆ. ಕೊಡೋನ ಕೈ, ಕೊಳ್ಳೋನ ಕೈ, ಮೇಲೊಂದು ಟವೆಲ್. ಬಾಯಿ ಬಿಡೋ ಹಾಗಿಲ್ಲ. ಬೆರಳು ಹಿಡಿದರೆ ಬೆಲೆ ಹೇಳಿದ ಹಾಗೆ. ಜವರಯ್ಯ ಬೆರಳು ಹಿಡಿದನೆಂದರೆ ಆನೆ ಕೂಡ ಆಡಿನ ಬೆಲೆಗೆ ಇಳೀತಿತ್ತು.

ಅವನ ಹೆಂಡತಿ ಚಿಕ್ಕತಾಯಿ. ಮೂರನೇ ಹೆರಿಗೆಯಲ್ಲಿ ಸತ್ತು ಬದುಕಿದ್ದಳು. ಇನ್ನೊಂದು ಬಸುರು ಈ ಜೀವ ತಡೆಯೋಲ್ಲ ಅಂದಿದ್ದರು ಡಾಕ್ಟರಮ್ಮ. ಅವತ್ತಿನಿಂದ ಮೂರು ಮಕ್ಕಳನ್ನೂ ನಡುವೆ ಸಾಲಾಗಿ ಮಲಗಿಸಿ, ತಾನು ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗೋಳು.

"ಮಕ್ಕಳಾಗದಂಗೆ ಆಪರೇಷನ್ ನಾನೇ ಮಾಡಿಸ್ಕೊಂಡು ಬತ್ತೀನಿ ಬುಡು," ಅಂದಳು.

"ನಿನ್ನ ಕೊಯ್ದಿದ್ದು ಸಾಕು ಕಣಮ್ಮಿ. ಈ ಸಲ ನಾನು ಹೋಯ್ತೀನಿ. ಗಂಡಸರಿಗೂ ಐತಂತೆ, ವ್ಯಾಸೆಕ್ಟಮಿ ಅಂತ."

"ನಿಂಗೇನಾದ್ರೂ ಆದ್ರೆ? ಮೊದಲು ತಿಳ್ಕೊ."

ತಿಳ್ಕೊಳ್ಳೋಕೆ ಅಂತ ಫೋನ್ ತೆಗೆದ. ಆಸ್ಪತ್ರೆಯವರು ಬರೆದ ಒಂದು ಪುಟ ಬಂತು. ಬಂದು ಕೆಮ್ಮಿತು.

"ಎಷ್ಟನೇ ಕ್ಲಾಸು ಓದಿದ್ದೀಯ?"

"ನಾಲ್ಕು."

"ನಾನು ಹದಿನಾಲ್ಕನೇ ಕ್ಲಾಸಿನ ಪುಟ. ಇನ್ನು ಹತ್ತು ವರ್ಷ ಓದಿ ಬಾ."

"ಹತ್ತು ವರ್ಷಕ್ಕೆ ಹತ್ತು ಮಕ್ಕಳಾಯ್ತವಲ್ಲ ಸ್ವಾಮಿ."

"ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ," ಅಂತು ಪುಟ.

ಜವರಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಫೋನಿಗೆ ಹೊದಿಸಿದ. "ಕೈ ಕೊಡು," ಅಂದ. ಪುಟ ಕೈ ಕೊಟ್ಟಿತು. ಟವೆಲ್ ಹೊದಿಸಿದ ಮೇಲೆ ಕೊಡದೆ ಇರೋಕಾಗುತ್ತಾ? ತಣ್ಣಗಿನ ಕೈ, ಸ್ಪಿರಿಟ್ ವಾಸನೆ.

ಒಂದು ಬೆರಳು ಹಿಡಿದ. ಹದಿನಾಲ್ಕನೇ ಕ್ಲಾಸು ಹದಿಮೂರಾಯಿತು. ಫೋನಿನಿಂದ 'ಶಸ್ತ್ರಚಿಕಿತ್ಸಾನಂತರದ' ಅನ್ನೋ ಪದ ದೊಪ್ಪಂತ ನೆಲಕ್ಕೆ ಬಿತ್ತು. ಅದನ್ನೇ ಗೂಟ ಮಾಡಿ ಹಸು ಕಟ್ಟಿದರು. ಇನ್ನೊಂದು ಬೆರಳು ಹಿಡಿದ. 'ಶುಕ್ರನಾಳವಿಚ್ಛೇದನ' ಬಿತ್ತು. ಅದೆಷ್ಟು ಉದ್ದ ಅಂದರೆ ಚಿಕ್ಕತಾಯಿ ಅದರ ಮೇಲೆ ಮೂರು ಮಕ್ಕಳ ಬಟ್ಟೆ ಹರವಿದಳು, ಇನ್ನೂ ಜಾಗ ಉಳಿಯಿತು.

"ನನ್ನ ಮರ್ಯಾದೆ ಹೋಗ್ತಿದೆ," ಅಂತು ಪುಟ.

"ಮರ್ಯಾದೆ ನೀನೇ ಇಟ್ಕೊ. ಅರ್ಥ ಇತ್ಲಾಗೆ ಕೊಡು."

ಹತ್ತಾಯಿತು. ಏಳಾಯಿತು. ನಾಲ್ಕಕ್ಕೆ ನಿಲ್ಲಿಸಬೇಕಿತ್ತು. ದಲ್ಲಾಳಿ ಕೈ, ನಿಲ್ಲಲಿಲ್ಲ. ಮೂರು, ಎರಡು, ಒಂದು. ಪುಟ ಬೆರಳು ಚೀಪುತ್ತಾ "ಅಮ್ಮ, ಕಾಕಾ" ಅಂತ ಅಳೋಕೆ ಶುರು ಮಾಡಿತು.

"ಎತ್ತು ತತ್ತೀನಿ ಅಂತ ಹೋಗಿ ಕರು ತಂದ್ಯಲ್ಲಯ್ಯ," ಅಂದಳು ಚಿಕ್ಕತಾಯಿ.

ಮೂರು ಮಕ್ಕಳನ್ನ ಸಾಕಿದವಳು. ಪುಟವನ್ನು ತೊಡೆ ಮೇಲೆ ಹಾಕ್ಕೊಂಡು ಬೆನ್ನು ತಟ್ಟಿದಳು, ರಾಗಿ ಅಂಬಲಿ ಕುಡಿಸಿದಳು. ಒಂದು ಗುಟುಕಿಗೆ ಒಂದು ಕ್ಲಾಸು. ಮೂರು ಗುಟುಕಿಗೆ ಅದು ನಾಲ್ಕನೇ ಕ್ಲಾಸಿಗೆ ಬಂತು, ತೇಗಿತು, ಎದ್ದು ಕೂತು ಮಾತಾಡಿತು.

"ಸಣ್ಣ ಗಾಯ. ಒಂದಷ್ಟು ದಿನ ನೋವು. ಒಂದು ವಾರ ಭಾರ ಎತ್ತಬೇಡ. ಗಂಡಸುತನ ಎಲ್ಲಿಗೂ ಹೋಗಲ್ಲ. ಆದರೆ ಅವತ್ತೇ ಫಲ ಸಿಗಲ್ಲ. ಮೂರು ತಿಂಗಳು ನಿರೋಧ್ ಥರ ಬೇರೆ ಜಾಗ್ರತೆ ಇರಲಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸು. ಇನ್ನು ಮಕ್ಕಳು ಬೇಡವೇ ಬೇಡ ಅಂತ ಇಬ್ಬರಿಗೂ ಅನ್ನಿಸಿದರೆ ಮಾತ್ರ ಹೋಗು."

"ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?" ಅಂದ ಜವರಯ್ಯ.

"ಮೊದಲು ಯಾರೂ ನನ್ನನ್ನ ತೊಡೆ ಮೇಲೆ ಹಾಕ್ಕೊಂಡಿರಲಿಲ್ಲ," ಅಂತು ಪುಟ.

ಜವರಯ್ಯ ಆಸ್ಪತ್ರೆಗೆ ಹೋದ, ಬಂದ. ಒಂದು ವಾರ ಚೆಂಬು ಕೂಡ ಎತ್ತಲಿಲ್ಲ, ಚಿಕ್ಕತಾಯಿ ಬಿಡಲಿಲ್ಲ. ಆಮೇಲೆ ಯಾರೂ ಕೇಳದಿದ್ದರೂ ಊರೆಲ್ಲ ಹೇಳ್ಕೊಂಡು ತಿರುಗಿದ. ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದ. ಇನ್ನು ಭಯ ಇಲ್ಲ ಅಂದರು.

ನೀತಿ ಬೇಕು ಅನ್ನೋರಿಗೆ ನೀತಿ: ಪುಟ ಅರ್ಥವಾಗದೆ ಹೋದರೆ ಓದೋನ ತಲೆಗೆ ಮೊಟಕಬೇಡಿ, ಪುಟದ ಬೆನ್ನು ತಟ್ಟಿ. ಕತೆ ಅಲ್ಲಿಗೆ ಹೋಯಿತು, ನಾನು ಇಲ್ಲಿಗೆ ಬಂದೆ.

ಜವರಯ್ಯನಿಗೆ ಏನು ಸಿಕ್ಕಿತು ಅಂತೀರಾ? ಚಿಕ್ಕತಾಯಿ ಅವನಿಗೆ ತನ್ನ ಕಂಬಳಿಯಲ್ಲಿ ಅರ್ಧ ಕೊಟ್ಟಳು.